ನೆರೆಗೆ ಲೆಕ್ಕ ಹಾಕಿದ ವಿಶ್ವೇಶ್ವರಯ್ಯ



ಕೋಟೇಶ್ವರದಿಂದ ಕುಂದಾಪುರ ದಾಟಿ ಬೈಂದೂರಿನ ಕಡೆಗೆ ಬಸ್ಸಿನಲ್ಲಿ ಹೋಗಿದ್ದೀರಾ? ದಾರಿಯಲ್ಲಿ ಹೊಳೆಗಳೂ ಸೇತುವೆಗಳೂ ಸಿಗುತ್ತವೆ. ಮಳೆಗಾಲದಲ್ಲಿ ಕೆಂಪು ನೀರು ಸೇತುವೆಯ ಕಂಬಗಳಿಗೆ ಬಡಿಯುತ್ತಾ ಹರಿಯುವುದನ್ನು ನೀವು ನೋಡಿರಬಹುದು. ನೆರೆಯಿಂದ ಸೇತುವೆಯನ್ನೂ ಊರನ್ನೂ ಕಾಪಾಡುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕಿದ ಒಬ್ಬ ಎಂಜಿನಿಯರ್ ನಮ್ಮ ರಾಜ್ಯದವರೇ.

ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು 1861ರಲ್ಲಿ ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದರು. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿ ಮನೆಪಾಠ ಹೇಳಿಕೊಡುತ್ತಾ ಓದಿದರು. ಪುಣೆಯಲ್ಲಿ ಎಂಜಿನಿಯರಿಂಗ್ ಕಲಿತು, 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದರು. ಪುಣೆಯ ಖಡಕ್‌ವಾಸ್ಲಾ ಜಲಾಶಯಕ್ಕೆ ಅವರು ರೂಪಿಸಿದ ಬಾಗಿಲುಗಳು ನೀರು ಹೆಚ್ಚಾದಾಗ ತಾವೇ ತೆರೆದುಕೊಳ್ಳುತ್ತಿದ್ದವು, ಇಳಿದಾಗ ತಾವೇ ಮುಚ್ಚಿಕೊಳ್ಳುತ್ತಿದ್ದವು.

1908ರ ಸೆಪ್ಟೆಂಬರ್ 28ರಂದು ಹೈದರಾಬಾದಿನ ಮೂಸಿ ನದಿ ಉಕ್ಕಿ ಹರಿಯಿತು. ಸಾವಿರಾರು ಜನ ಸತ್ತರು. ನಗರದ ಎರಡು ದಡಗಳನ್ನು ಕೂಡಿಸುವ ಸೇತುವೆಗಳು ಕೊಚ್ಚಿಹೋದವು. ಹಳೆಯ ಪುರಾನಾ ಪೂಲ್ ಮಾತ್ರ ಉಳಿಯಿತು. ಮರುವರ್ಷ ವಿಶ್ವೇಶ್ವರಯ್ಯನವರಿಗೆ ಕರೆ ಬಂತು.

ನೆರೆಯಲ್ಲಿ ಸೇತುವೆ ಏಕೆ ಬೀಳುತ್ತದೆ ಗೊತ್ತೇ? ತೇಲಿಬಂದ ಮರಗಳು ಕಂಬಗಳ ನಡುವೆ ಸಿಕ್ಕಿ ನೀರನ್ನು ತಡೆಯುತ್ತವೆ. ಸುಳಿಯುವ ನೀರು ಕಂಬದ ಬುಡದ ಮಣ್ಣನ್ನು ಕೊರೆಯುತ್ತದೆ. ಹಾಗಾದರೆ ಸೇತುವೆಯನ್ನು ಎತ್ತರಿಸಿದರೆ ಸಾಕೇ? ವಿಶ್ವೇಶ್ವರಯ್ಯನವರು ನಗರವನ್ನಷ್ಟೇ ನೋಡಲಿಲ್ಲ, ನದಿಯ ಮೇಲ್ಭಾಗವನ್ನೂ ನೋಡಿದರು. ಎಷ್ಟು ಮಳೆ ಬಿತ್ತು, ಎಷ್ಟು ಜಾಗದ ನೀರು ಹರಿದುಬಂತು ಎಂದು ಲೆಕ್ಕ ಹಾಕಿದರು. ಮೇಲಿದ್ದ ಇನ್ನೂರಕ್ಕೂ ಹೆಚ್ಚು ಕೆರೆಗಳು ಒಡೆದಿದ್ದವು. ನೀರೆಲ್ಲ ಒಂದೇ ಸಲ ಬಂದದ್ದೇ ಆಪತ್ತಿಗೆ ಕಾರಣ. ಆದ್ದರಿಂದ ನಗರದ ಮೇಲ್ಭಾಗದಲ್ಲೇ ನೆರೆಯನ್ನು ಹಿಡಿದಿಟ್ಟು, ನಿಧಾನವಾಗಿ ಬಿಡಬೇಕೆಂದು ಸಲಹೆ ಕೊಟ್ಟರು. ಹೀಗೆ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಸಿದ್ಧವಾದವು.

ಇದನ್ನು ನೀವೇ ಪರೀಕ್ಷಿಸಿ. ಅಂಗಳದಲ್ಲಿ ಮರಳಿನ ಕಾಲುವೆ ಮಾಡಿ, ಕಡ್ಡಿಗಳಿಂದ ಪುಟ್ಟ ಸೇತುವೆ ಕಟ್ಟಿ. ಒಂದು ಚೆಂಬು ನೀರನ್ನು ಒಮ್ಮೆಲೇ ಸುರಿಯಿರಿ. ಸೇತುವೆಯನ್ನು ಮತ್ತೆ ಕಟ್ಟಿ, ಅಷ್ಟೇ ನೀರನ್ನು ತಳದಲ್ಲಿ ತೂತಿರುವ ಡಬ್ಬಿಯ ಮೂಲಕ ಬಿಡಿ. ಯಾವ ಸೇತುವೆ ಉಳಿಯಿತು?

ತೊಂಬತ್ತು ದಾಟಿದ ಮೇಲೂ ಅವರು ಬಿಹಾರದ ಮೊಕಾಮಾದಲ್ಲಿ ಗಂಗೆಗೆ ಸೇತುವೆ ಕಟ್ಟುವ ಜಾಗದ ಬಗ್ಗೆ ಸಲಹೆ ನೀಡಿದರು. 1955ರಲ್ಲಿ ಭಾರತರತ್ನ ಪಡೆದು, 1962ರಲ್ಲಿ ತೀರಿಕೊಂಡರು. ಅವರು ಹುಟ್ಟಿದ ಸೆಪ್ಟೆಂಬರ್ 15ನ್ನು ಎಂಜಿನಿಯರುಗಳ ದಿನವಾಗಿ ಆಚರಿಸುತ್ತೇವೆ.

ಆದರೆ ಜಲಾಶಯ ಕಟ್ಟಿದರಷ್ಟೇ ಸಾಲದು. 2020ರ ಅಕ್ಟೋಬರಿನಲ್ಲಿ ಭಾರಿ ಮಳೆಗೆ ಹೈದರಾಬಾದ್ ಮತ್ತೆ ಮುಳುಗಿತು. ಕೆರೆ, ಕಾಲುವೆಗಳ ಜಾಗದಲ್ಲಿ ಮನೆಗಳೆದ್ದಿದ್ದವು. ನೀರಿನ ದಾರಿಯನ್ನು ನಾವು ಕಿತ್ತುಕೊಂಡರೆ ಅದು ನಮ್ಮ ದಾರಿಗೆ ಬರುತ್ತದೆ.

ನಿಮ್ಮೂರಿನ ತೋಡಿನಲ್ಲಿ ಕಸ ತುಂಬಿದೆಯೇ? ನೋಡಿ, ದೊಡ್ಡವರಿಗೆ ತಿಳಿಸಿ. ನೀರು ಮೇಲೆ ಹರಿಯುತ್ತಿರುವ ಸೇತುವೆಯನ್ನು ಮಾತ್ರ ಎಂದೂ ದಾಟಬೇಡಿ.