ಪೆದ್ದನೆನಿಸಿಕೊಂಡ ಚಕ್ರವರ್ತಿ ಕ್ಲಾಡಿಯಸ್

ಬಿಬಿಸಿ 1976ರಲ್ಲಿ ಪ್ರಸಾರ ಮಾಡಿದ ‘ಐ, ಕ್ಲಾಡಿಯಸ್’ ಧಾರಾವಾಹಿಯ ಅಭಿಮಾನಿಗಳನ್ನು ಚರ್ಚೆಗೆಳೆಯುವ ಪ್ರಶ್ನೆಯೊಂದಿದೆ. ರೋಮ್‌ನ ಈ ಚಕ್ರವರ್ತಿ ನಿಜಕ್ಕೂ ಪೆದ್ದನೋ, ಪೆದ್ದನಂತೆ ನಟಿಸಿದ ಜಾಣನೋ?

ಕ್ರಿ.ಪೂ. 10ರಲ್ಲಿ ಇಂದಿನ ಫ್ರಾನ್ಸ್‌ನ ಲಿಯೋನ್‌ನಲ್ಲಿ ಜನಿಸಿದ ಕ್ಲಾಡಿಯಸ್ ಕುಂಟುತ್ತಿದ್ದ, ತೊದಲುತ್ತಿದ್ದ. ನಾಚಿಕೆಪಟ್ಟ ರಾಜಮನೆತನ ಆತನನ್ನು ಅಧಿಕಾರದಿಂದ ದೂರವಿಟ್ಟಿತು. ಆತ ಅಧ್ಯಯನದಲ್ಲಿ ಮುಳುಗಿ, ಎಟ್ರಸ್ಕನ್ನರ ಇತಿಹಾಸವನ್ನು 20 ಸಂಪುಟಗಳಲ್ಲಿ ಬರೆದ. ಅವು ಇಂದು ಉಳಿದಿಲ್ಲ.

ಕ್ರಿ.ಶ. 41ರಲ್ಲಿ ಅಣ್ಣನ ಮಗ, ಚಕ್ರವರ್ತಿ ಕ್ಯಾಲಿಗುಲಾನ ಹತ್ಯೆಯಾಯಿತು. ಪರದೆಯ ಹಿಂದೆ ಅಡಗಿದ್ದ ಕ್ಲಾಡಿಯಸ್‌ನನ್ನು ಸೈನಿಕನೊಬ್ಬ ಪತ್ತೆಹಚ್ಚಿದನೆಂದು ಇತಿಹಾಸಕಾರ ಸ್ಯೂಟೋನಿಯಸ್ ದಾಖಲಿಸಿದ್ದಾನೆ. ಅಂಗರಕ್ಷಕ ಪಡೆ ಆತನನ್ನೇ ಪಟ್ಟಕ್ಕೇರಿಸಿತು. ಜೀವ ಉಳಿಸಿಕೊಳ್ಳಲೆಂದೇ ಪೆದ್ದನಂತೆ ನಟಿಸಿದ್ದಾಗಿ ಆತ ಬಳಿಕ ಹೇಳಿಕೊಂಡರೂ ಜನ ನಂಬಲಿಲ್ಲ.

ಆದರೆ ಆಳ್ವಿಕೆ ಬೇರೆಯದೇ ಕಥೆ ಹೇಳುತ್ತದೆ. 43ರಲ್ಲಿ ಆತನ ಸೇನೆ ಬ್ರಿಟನ್ನಿಗೆ ಕಾಲಿಟ್ಟಿತು. ಓಸ್ಟಿಯಾ ಬಳಿ ಹೊಸ ಬಂದರಿನ ಕೆಲಸ ಆರಂಭವಾಯಿತು. 52ರ ವೇಳೆಗೆ ರಾಜಧಾನಿಗೆ ನೀರುಣಿಸುವ ಎರಡು ಮೇಲ್ಗಾಲುವೆಗಳು ಸಿದ್ಧವಾದವು. 48ರಲ್ಲಿ ಗಾಲ್ ಪ್ರಾಂತ್ಯದ ಪ್ರಮುಖರಿಗೂ ಸೆನೆಟ್‌ನ ಬಾಗಿಲು ತೆರೆಯಿತು.

ನಾಡನ್ನು ಅರಿತಾತ ಮನೆಯನ್ನು ಅರಿಯಲಿಲ್ಲ. ಪತ್ನಿ ಅಗ್ರಿಪ್ಪಿನಾಳ ಒತ್ತಾಸೆಯಿಂದ ಆಕೆಯ ಮಗ ನೀರೋನನ್ನು ದತ್ತು ಪಡೆದು, ಸ್ವಂತ ಮಗ ಬ್ರಿಟಾನಿಕಸ್‌ನನ್ನು ಹಿಂದಕ್ಕೆ ಸರಿಸಿದ. 54ರಲ್ಲಿ ಕ್ಲಾಡಿಯಸ್ ಮೃತಪಟ್ಟ. ವಿಷಪ್ರಾಶನದ ಶಂಕೆ ಅಗ್ರಿಪ್ಪಿನಾಳ ಮೇಲೆ ಬಿತ್ತು. ಮರುವರ್ಷ ಬ್ರಿಟಾನಿಕಸ್ ಕೂಡ ಅಸುನೀಗಿದ, ಸಿಂಹಾಸನ ನೀರೋನದಾಗಿತ್ತು.