ಜನರಿಗೆ ಕನ್ನಡದಲ್ಲೇ ಕಾನೂನು ತಿಳಿಸಿದ ಜಡ್ಜ್ ಎಚ್.ವಿ. ನಂಜುಂಡಯ್ಯ

ತಾಳ್ಯ (ಹೊಳಲ್ಕೆರೆ): ಹೊಲ ಮಾರಿದ್ರೆ ಕ್ರಯಪತ್ರ, ಸಾಲಕ್ಕೆ ಇಟ್ರೆ ಅಡಮಾನ ಪತ್ರ. ಕ್ರಯ ಆದ್ರೆ ಹೊಲ ಹೋಯ್ತು, ಅಡಮಾನ ಆದ್ರೆ ಸಾಲ ತೀರಿಸಿ ಬಿಡಿಸಿಕೊಳ್ಳಬಹುದು. ಈ ವ್ಯತ್ಯಾಸ ತಿಳಿಯದೆ ಹೆಬ್ಬೆಟ್ಟು ಒತ್ತಿ ಕೋರ್ಟಿಗೆ ಅಲೆಯುವವರು ಎಲ್ಲಾ ಕಾಲದಲ್ಲೂ ಇದ್ದಾರೆ. ಇಂಥ ವಿಷಯವನ್ನು ನೂರು ವರ್ಷಕ್ಕೂ ಹಿಂದೆಯೇ ಕನ್ನಡದಲ್ಲಿ ಬರೆದ ಒಬ್ಬ ಜಡ್ಜ್ ಇದ್ದರು. ಅವರೇ ಎಚ್.ವಿ. ನಂಜುಂಡಯ್ಯ.

ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರು ಎಂದು ಇವರ ಹೆಸರು ಬಹಳ ಜನರಿಗೆ ಗೊತ್ತು. ಆದರೆ ಅವರ ವೃತ್ತಿ ನ್ಯಾಯಾಂಗದ್ದು.

1860ರಲ್ಲಿ ಮೈಸೂರಿನಲ್ಲಿ ಹುಟ್ಟಿದ ನಂಜುಂಡಯ್ಯ ಮದರಾಸಿನಲ್ಲಿ ಓದಿ ಎಂ.ಎ., ಎಂ.ಎಲ್. ಪದವಿ ಪಡೆದರು. ಆಮೇಲೆ ಮೈಸೂರು ಸಂಸ್ಥಾನದಲ್ಲಿ ಮುನ್ಸೀಫ್ ಆದರು. ಮುನ್ಸೀಫ್ ಕೋರ್ಟ್ ಅಂದ್ರೆ ಸಿವಿಲ್ ಕೇಸಿನ ಮೊದಲ ಮೆಟ್ಟಿಲು. ಕೈಸಾಲ, ಬದುವಿನ ತಕರಾರು, ಅಣ್ಣತಮ್ಮಂದಿರ ಪಾಲು, ಅಂಗಡಿ ಬಾಕಿ, ಇವೇ ಅಲ್ಲಿಗೆ ಬರುವ ವ್ಯಾಜ್ಯ. ಕಟ್ಟೆ ಹತ್ತಿದ ರೈತ, ಸಾಕ್ಷಿ ಹೇಳುವ ಶೆಟ್ಟಿ ಎಲ್ಲರೂ ಕನ್ನಡದವರು. ಆದರೆ 1872ರ ಕರಾರು ಕಾಯ್ದೆ, ಸಾಕ್ಷ್ಯ ಕಾಯ್ದೆಗಳೆಲ್ಲ ಮೂಲದಲ್ಲಿ ಇಂಗ್ಲಿಷಿನವು. ತನ್ನ ಹಣೆಬರಹ ತೀರ್ಮಾನ ಮಾಡುವ ಕಾಯ್ದೆಯಲ್ಲಿ ಏನಿದೆ ಅಂತ ಕಕ್ಷಿದಾರನಿಗೇ ಗೊತ್ತಾಗುತ್ತಿರಲಿಲ್ಲ.

ನಂಜುಂಡಯ್ಯನವರು ಈ ಕಂದಕ ತುಂಬುವ ಕೆಲಸಕ್ಕೆ ಕೈ ಹಾಕಿದರು. ವ್ಯವಹಾರ ದೀಪಿಕೆ, ವ್ಯವಹಾರ ಧರ್ಮ ಪ್ರಕಾಶಿಕೆ ಪುಸ್ತಕಗಳಲ್ಲಿ ಕಾನೂನನ್ನು ಕನ್ನಡದಲ್ಲಿ ವಿವರಿಸಿದರು. ಪತ್ರ, ದಸ್ತಾವೇಜು ಬರೆಯುವ ಕ್ರಮಕ್ಕೆ ಲೇಖ್ಯಬೋಧಿನಿ ಬರೆದರು. ಅರ್ಥಶಾಸ್ತ್ರದ ಬಗ್ಗೆಯೂ ಕನ್ನಡದಲ್ಲೇ ಪುಸ್ತಕ ಮಾಡಿದರು. ಇಂಥ ವಿಷಯಕ್ಕೆ ಕನ್ನಡದಲ್ಲಿ ಪದಗಳೇ ಸರಿಯಾಗಿ ನೆಲೆಯಾಗಿರದ ಕಾಲ ಅದು.

ಮುನ್ಸೀಫ್ ಆಗಿದ್ದವರು ಮೇಲೇರುತ್ತಾ ಬೆಂಗಳೂರಿನ ಚೀಫ್ ಕೋರ್ಟಿನ ಜಡ್ಜ್ ಆದರು. 1884ರಲ್ಲಿ ಶುರುವಾದ ಈ ಕೋರ್ಟೇ ಆಗ ಸಂಸ್ಥಾನದ ದೊಡ್ಡ ಕೋರ್ಟ್. ಚಿತ್ರದುರ್ಗ ಜಿಲ್ಲೆಯೂ ಮೈಸೂರು ಸಂಸ್ಥಾನದಲ್ಲೇ ಇದ್ದದ್ದರಿಂದ ಹೊಳಲ್ಕೆರೆ, ಹಿರಿಯೂರು, ಹೊಸದುರ್ಗದವರ ವ್ಯಾಜ್ಯಕ್ಕೂ ಕೊನೆಯ ಬಾಗಿಲು ಅದೇ. 1930ರಲ್ಲಿ ಅದು ಮೈಸೂರು ಹೈಕೋರ್ಟ್ ಆಯಿತು.

ಕೋರ್ಟಿನ ಹೊರಗೂ ಅವರಿಗೆ ಕೆಲಸ ಕಮ್ಮಿ ಇರಲಿಲ್ಲ. ಸಂಸ್ಥಾನದ ಜಾತಿ, ಬುಡಕಟ್ಟುಗಳ ಆಚಾರ ವಿಚಾರದ ಸಮೀಕ್ಷೆ ಹೊತ್ತುಕೊಂಡರು. ಅದು ಸಂಪುಟಗಳಾಗಿ ಪೂರ್ತಿ ಅಚ್ಚಾಗುವುದನ್ನು ನೋಡಲು ಅವರು ಇರಲಿಲ್ಲ. ಎಲ್.ಕೆ. ಅನಂತಕೃಷ್ಣ ಅಯ್ಯರ್ ಅದನ್ನು ಮುಗಿಸಿದರು. 1915ರಲ್ಲಿ ಸಾಹಿತ್ಯ ಪರಿಷತ್ತು ಹುಟ್ಟಿದಾಗ ಅಧ್ಯಕ್ಷ ಸ್ಥಾನ ಇವರಿಗೇ ಬಂತು. ಮೊದಲ ಮೂರು ಸಾಹಿತ್ಯ ಸಮ್ಮೇಳನಗಳ ಅಧ್ಯಕ್ಷರೂ ಇವರೇ. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಶುರುವಾದಾಗ ಮೊದಲ ಕುಲಪತಿ ಆದರು. ಆ ಹುದ್ದೆಯಲ್ಲಿ ಇರುವಾಗಲೇ 1920ರ ಮೇ ತಿಂಗಳಲ್ಲಿ ತೀರಿಕೊಂಡರು.

ಅವರ ಕಾಲದ ಎಷ್ಟೋ ಕಾಯ್ದೆ ಈಗ ಬದಲಾಗಿವೆ, ಪುಸ್ತಕಗಳು ಹಳೆಯವಾಗಿವೆ. ಆದರೆ ಸಮಸ್ಯೆ ಹಳೆಯದಾಗಿಲ್ಲ. ಉದ್ರಿ ಕೊಟ್ಟ ಬಾಕಿಗೆ ಸಾಮಾನ್ಯವಾಗಿ ಮೂರು ವರ್ಷದೊಳಗೆ ದಾವೆ ಹಾಕಬೇಕು ಅನ್ನೋದು ಎಷ್ಟೋ ಅಂಗಡಿಯವರಿಗೆ ಅವಧಿ ಮುಗಿದ ಮೇಲೆ ತಿಳಿಯುತ್ತದೆ. ಎಷ್ಟೋ ತೀರ್ಪುಗಳು ಇವತ್ತಿಗೂ ಇಂಗ್ಲಿಷಿನಲ್ಲೇ ಕೈಗೆ ಬರುತ್ತವೆ, ಗೆದ್ದೆವೋ ಸೋತೆವೋ ಅಂತ ವಕೀಲರನ್ನೇ ಕೇಳಬೇಕು. ತೀರ್ಪು ಕೊಡುವುದರ ಜೊತೆಗೆ ಕಾನೂನನ್ನು ಜನರ ಭಾಷೆಗೆ ತರುವುದೂ ತನ್ನ ಕೆಲಸ ಅಂತ ದುಡಿದ ಜಡ್ಜ್ ನಂಜುಂಡಯ್ಯ. ಆ ಕೆಲಸ ಇನ್ನೂ ಬಾಕಿ ಇದೆ.