‘ವಿಟಮಿನ್ ಪಿ’ ನಿಜವಾಗಿಯೂ ಇದೆಯೇ? ಹೆಸರಿಟ್ಟ ನೊಬೆಲ್ ವಿಜ್ಞಾನಿಯ ಕಥೆ ಇಲ್ಲಿದೆ

ನಿಂಬೆ, ಕಿತ್ತಳೆ ಸಿಪ್ಪೆಯಲ್ಲಿ ‘ವಿಟಮಿನ್ ಪಿ’ ಇದೆ, ಅದು ರಕ್ತನಾಳಗಳನ್ನು ಗಟ್ಟಿ ಮಾಡುತ್ತದೆ ಎಂಬ ಮಾತನ್ನು ನೀವೂ ಎಲ್ಲೋ ಓದಿರಬಹುದು. ಬಯೋಫ್ಲೇವನಾಯ್ಡ್ ಮಾತ್ರೆಗಳ ಪ್ರಚಾರದಲ್ಲೂ ಈ ಹೆಸರು ಆಗಾಗ ಇಣುಕುತ್ತದೆ. ಹೆಸರು ಕಟ್ಟುಕಥೆಯಲ್ಲ. 1936ರಲ್ಲಿ ಅದನ್ನು ಇಟ್ಟವರು ವಿಟಮಿನ್ ಸಿ ಕಂಡುಹಿಡಿದ ಆಲ್ಬರ್ಟ್ ಸೆಂಟ್-ಜ್ಯೋರ್ಜಿ. ಆದರೆ ಆ ಕಥೆಯ ದ್ವಿತೀಯಾರ್ಧವನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಯಾರು ಈ ಸೆಂಟ್-ಜ್ಯೋರ್ಜಿ?

1893ರ ಸೆಪ್ಟೆಂಬರ್ 16ರಂದು ಹಂಗೇರಿಯ ಬುಡಾಪೆಸ್ಟ್‌ನಲ್ಲಿ ಹುಟ್ಟಿದರು. ವೈದ್ಯಕೀಯ ಓದುತ್ತಿದ್ದಾಗ ಮೊದಲ ಮಹಾಯುದ್ಧ ಬಂತು. ಯುದ್ಧಭೂಮಿಯ ಸಾವುನೋವು ಕಂಡು ರೋಸಿಹೋದ ಅವರು, 1916ರಲ್ಲಿ ತಮ್ಮ ತೋಳಿಗೆ ತಾವೇ ಗುಂಡು ಹೊಡೆದುಕೊಂಡು ಮನೆಗೆ ಮರಳಿದರು. ಮರುವರ್ಷ ವೈದ್ಯಕೀಯ ಪದವಿ ಮುಗಿಸಿದರು.

ಅವರ ತಲೆ ಕೊರೆದದ್ದು ನಮ್ಮ ಅಡುಗೆಮನೆಯಲ್ಲೂ ಕಾಣುವ ಪ್ರಶ್ನೆ. ಹೆಚ್ಚಿಟ್ಟ ಬಾಳೆಹಣ್ಣು ಸ್ವಲ್ಪ ಹೊತ್ತಿಗೇ ಕಪ್ಪಾಗುತ್ತದೆ, ನಿಂಬೆಹಣ್ಣು ಯಾಕೆ ಆಗುವುದಿಲ್ಲ? ಅದನ್ನು ತಡೆಯುವ ವಸ್ತುವನ್ನು ಹುಡುಕುತ್ತಾ ನೆದರ್‌ಲ್ಯಾಂಡ್ಸ್‌ನಿಂದ ಇಂಗ್ಲೆಂಡಿನ ಕೇಂಬ್ರಿಜ್‌ಗೆ ಹೋದರು. ಅಲ್ಲಿ ಪ್ರಾಣಿಗಳ ಅಡ್ರಿನಲ್ ಗ್ರಂಥಿಯಿಂದ, ಕಿತ್ತಳೆ ಮತ್ತು ಎಲೆಕೋಸಿನಿಂದ ಒಂದೇ ಬಗೆಯ ವಸ್ತುವನ್ನು ಬೇರ್ಪಡಿಸಿದರು. ಅದಕ್ಕೆ ‘ಹೆಕ್ಸುರೋನಿಕ್ ಆಮ್ಲ’ ಎಂಬ ಹೆಸರಾಯಿತು.

ಊಟದ ತಟ್ಟೆಯಿಂದ ಲ್ಯಾಬ್‌ಗೆ

1930ರ ದಶಕದ ಆರಂಭದಲ್ಲಿ ಅವರು ಹಂಗೇರಿಯ ಸೆಗೆಡ್ ಪಟ್ಟಣದಲ್ಲಿ ಪ್ರಾಧ್ಯಾಪಕರಾದರು. ಅಮೆರಿಕದಿಂದ ಬಂದ ಜೋಸೆಫ್ ಸ್ವಿರ್ಬೆಲಿ ಜೊತೆ ಸೇರಿ ಗಿನಿಪಿಗ್‌ಗಳ ಮೇಲೆ ಪ್ರಯೋಗ ನಡೆಸಿದರು. ವಿಟಮಿನ್ ಸಿ ಸಿಗದಿದ್ದರೆ ಮನುಷ್ಯರಂತೆ ಈ ಪ್ರಾಣಿಗಳಿಗೂ ಸ್ಕರ್ವಿ ಬರುತ್ತದೆ. ಹೆಕ್ಸುರೋನಿಕ್ ಆಮ್ಲ ತಿಂದವು ಆರೋಗ್ಯವಾಗಿ ಉಳಿದವು. ಆ ಆಮ್ಲವೇ ವಿಟಮಿನ್ ಸಿ ಎಂದು 1932ರಲ್ಲಿ ಸ್ಪಷ್ಟವಾಯಿತು. ಅದೇ ಹೊತ್ತಿಗೆ ಅಮೆರಿಕದ ಚಾರ್ಲ್ಸ್ ಗ್ಲೆನ್ ಕಿಂಗ್ ಕೂಡ ಇದೇ ತೀರ್ಮಾನ ಪ್ರಕಟಿಸಿದ್ದರು. ಮೊದಲು ಕಂಡುಹಿಡಿದವರು ಯಾರು ಎಂಬ ಜಗಳ ಬಹುಕಾಲ ನಡೆಯಿತು.

ಕೈಯಲ್ಲಿದ್ದ ಆಮ್ಲ ಬೇಗ ಖರ್ಚಾಯಿತು. ಅವರೇ ಹೇಳಿಕೊಂಡಿರುವ ಪ್ರಕಾರ, ಒಂದು ರಾತ್ರಿ ಊಟಕ್ಕೆ ಪತ್ನಿ ಹಸಿ ಪ್ಯಾಪ್ರಿಕಾ ಬಡಿಸಿದರು. ಪ್ಯಾಪ್ರಿಕಾ ಎಂದರೆ ನಮ್ಮ ಬ್ಯಾಡಗಿ ಮೆಣಸಿನಕಾಯಿಯ ನೆಂಟ: ಬಣ್ಣ ಜಾಸ್ತಿ, ಖಾರ ಕಡಿಮೆ. ತಿನ್ನಲು ಮನಸ್ಸಿಲ್ಲದೆ ಅದನ್ನು ಲ್ಯಾಬ್‌ಗೆ ಒಯ್ದರು. ಪರೀಕ್ಷಿಸಿದರೆ ಅದು ವಿಟಮಿನ್ ಸಿ ಗಣಿ! ಗ್ರಾಂ ಲೆಕ್ಕದಲ್ಲಿದ್ದ ವಿಟಮಿನ್ ಕಿಲೋ ಲೆಕ್ಕದಲ್ಲಿ ಸಿಗತೊಡಗಿತು. ಅದನ್ನು ಬೇರೆ ವಿಜ್ಞಾನಿಗಳಿಗೂ ಹಂಚಿದರು. (ಗಮನಿಸಿ: ಇದು ಹಸಿ ಕಾಯಿಯ ಮಾತು. ಒಣಗಿಸಿದಾಗ ವಿಟಮಿನ್ ಸಿ ಬಹುಪಾಲು ನಾಶವಾಗುತ್ತದೆ.)

‘ಪಿ’ ಹುಟ್ಟಿದ್ದು ಹೀಗೆ

ರಕ್ತನಾಳ ಸೋರಿ ಚರ್ಮದ ಕೆಳಗೆ ರಕ್ತದ ಕಲೆ ಮೂಡುವ ಕಾಯಿಲೆಯ ರೋಗಿಯೊಬ್ಬರಿಗೆ, ಪೂರ್ತಿ ಶುದ್ಧವಾಗದ ಸಸ್ಯಸಾರ ಕೊಟ್ಟಾಗ ಗುಣ ಕಂಡಿತು. ಶುದ್ಧ ವಿಟಮಿನ್ ಸಿ ಕೊಟ್ಟಾಗ ಅದೇ ಫಲ ಸಿಗಲಿಲ್ಲ. ಹಾಗಾದರೆ ಆ ಸಾರದಲ್ಲಿ ಬೇರೇನೋ ಇರಬೇಕು! ನಿಂಬೆಯಿಂದ ತೆಗೆದ ಫ್ಲೇವನಾಯ್ಡ್‌ಗಳ ಮಿಶ್ರಣಕ್ಕೆ ‘ಸಿಟ್ರಿನ್’ ಎಂದು ಹೆಸರಿಟ್ಟರು. 1936ರಲ್ಲಿ ಸಹೋದ್ಯೋಗಿ ಇಸ್ತ್ವಾನ್ ರುಸ್ನ್ಯಾಕ್ ಜೊತೆ ಇದು ಹೊಸ ವಿಟಮಿನ್ ಎಂದು ಪ್ರಕಟಿಸಿದರು. ರಕ್ತನಾಳದ ಗೋಡೆಯಿಂದ ದ್ರವ ಸೋರುವ ಗುಣಕ್ಕೆ ಇಂಗ್ಲಿಷ್‌ನಲ್ಲಿ ‘ಪರ್ಮಿಯಬಿಲಿಟಿ’ ಎನ್ನುತ್ತಾರೆ. ಅದರ ಮೊದಲಕ್ಷರವೇ ‘ಪಿ’.

1937ರಲ್ಲಿ ಅವರಿಗೆ ನೊಬೆಲ್ ಬಂತು. ನೆನಪಿಡಿ: ಅದು ಜೀವಕೋಶಗಳು ಆಹಾರವನ್ನು ಉರಿಸಿ ಶಕ್ತಿ ಪಡೆಯುವ ಬಗೆ ಮತ್ತು ವಿಟಮಿನ್ ಸಿ ಕುರಿತ ಕೆಲಸಕ್ಕೆ. ‘ವಿಟಮಿನ್ ಪಿ’ಗೆ ಅಲ್ಲ.

ಮತ್ತೆ ಪರೀಕ್ಷಿಸಿದಾಗ ಏನಾಯಿತು?

ಒಂದು ವಸ್ತು ವಿಟಮಿನ್ ಎನಿಸಿಕೊಳ್ಳಬೇಕಾದರೆ, ಅದು ಸಿಗದಿದ್ದಾಗ ನಿರ್ದಿಷ್ಟ ಕಾಯಿಲೆ ಬರಬೇಕು, ಕೊಟ್ಟಾಗ ವಾಸಿಯಾಗಬೇಕು. ವಿಟಮಿನ್ ಸಿ ಯಾವ ಲ್ಯಾಬ್‌ನಲ್ಲಿ ಪರೀಕ್ಷಿಸಿದರೂ ಪಾಸಾಯಿತು. ‘ಪಿ’ ಪಾಸಾಗಲಿಲ್ಲ. ಆಹಾರದಲ್ಲಿ ವಿಟಮಿನ್ ಸಿ ಲವಲೇಶವೂ ಇಲ್ಲದಂತೆ ಮಾಡಿದಾಗ, ಸಿಟ್ರಿನ್ ಗಿನಿಪಿಗ್‌ಗಳನ್ನು ಕಾಪಾಡಲಿಲ್ಲ. ಫ್ಲೇವನಾಯ್ಡ್ ಕೊರತೆಯಿಂದಲೇ ಬರುವ ಕಾಯಿಲೆ ಇಂದಿಗೂ ಸಿಕ್ಕಿಲ್ಲ. 1950ರಲ್ಲಿ ಅಮೆರಿಕದ ಜೀವರಸಾಯನ ಮತ್ತು ಪೋಷಣೆ ವಿಜ್ಞಾನಿಗಳ ಜಂಟಿ ಸಮಿತಿ ‘ವಿಟಮಿನ್ ಪಿ’ ಎಂಬ ಹೆಸರನ್ನೇ ಕೈಬಿಡಲು ಶಿಫಾರಸು ಮಾಡಿತು.

ಇದರಿಂದ ಸೆಂಟ್-ಜ್ಯೋರ್ಜಿ ಸಣ್ಣವರಾಗಲಿಲ್ಲ. ಸ್ನಾಯುಗಳು ಹೇಗೆ ಸಂಕುಚಿತವಾಗುತ್ತವೆ ಎಂಬುದರ ಬಗ್ಗೆ ದೊಡ್ಡ ಕೆಲಸ ಮಾಡಿದರು. ಎರಡನೇ ಮಹಾಯುದ್ಧದಲ್ಲಿ ಹಿಟ್ಲರ್ ವಿರೋಧಿ ಚಟುವಟಿಕೆಗಾಗಿ ತಲೆಮರೆಸಿಕೊಳ್ಳಬೇಕಾಯಿತು. 1947ರಲ್ಲಿ ಅಮೆರಿಕಕ್ಕೆ ಹೋಗಿ ವುಡ್ಸ್ ಹೋಲ್‌ನಲ್ಲಿ ಸಂಶೋಧನೆ ಮುಂದುವರಿಸಿ, 1986ರ ಅಕ್ಟೋಬರ್ 22ರಂದು ಅಲ್ಲೇ ತೀರಿಕೊಂಡರು.

ಹಾಗಾದರೆ ಫ್ಲೇವನಾಯ್ಡ್ ವ್ಯರ್ಥವೇ?

ಅಲ್ಲ. ಈರುಳ್ಳಿಯ ಕ್ವೆರ್ಸೆಟಿನ್, ಚಹಾದ ಕ್ಯಾಟೆಚಿನ್, ನೇರಳೆ ಹಣ್ಣಿನ ಬಣ್ಣ ಎಲ್ಲವೂ ಫ್ಲೇವನಾಯ್ಡ್‌ಗಳೇ. ಇವುಗಳ ಮೇಲೆ ಸಂಶೋಧನೆ ಈಗಲೂ ನಡೆಯುತ್ತಿದೆ. ಆದರೆ ನಮ್ಮ ದೇಹ ಇವನ್ನು ಕಡಿಮೆ ಪ್ರಮಾಣದಲ್ಲಿ ಹೀರಿಕೊಂಡು, ಬೇಗ ರೂಪ ಬದಲಿಸಿ ಹೊರಹಾಕುತ್ತದೆ. ಹಾಗಾಗಿ ಟೆಸ್ಟ್ ಟ್ಯೂಬ್‌ನಲ್ಲಿ ಕಂಡ ಪರಿಣಾಮ ದೇಹದಲ್ಲೂ ಆಗುತ್ತದೆ ಎನ್ನುವಂತಿಲ್ಲ. 2022ರಲ್ಲಿ ಪ್ರಕಟವಾದ ಅಮೆರಿಕದ ‘ಕಾಸ್ಮಾಸ್’ ಅಧ್ಯಯನದಲ್ಲಿ 21,442 ಹಿರಿಯರು ಭಾಗವಹಿಸಿದ್ದರು. ಕೋಕೋ ಫ್ಲೇವನಾಲ್ ಮಾತ್ರೆ ತಿಂದವರಲ್ಲಿ ಹೃದ್ರೋಗದಿಂದಾದ ಸಾವು ಕಡಿಮೆ ಕಂಡರೂ, ಹೃದಯ-ರಕ್ತನಾಳದ ಒಟ್ಟು ತೊಂದರೆಗಳು ಖಚಿತವಾಗಿ ಹೇಳುವಷ್ಟು ಇಳಿಯಲಿಲ್ಲ.

ನೀವೇನು ಮಾಡಬೇಕು?

* ಹಣ್ಣು, ತರಕಾರಿ, ಸೊಪ್ಪು ಧಾರಾಳವಾಗಿ ತಿನ್ನಿ. ಅದಕ್ಕೆ ‘ವಿಟಮಿನ್ ಪಿ’ ಎಂಬ ಕಾರಣ ಬೇಕಿಲ್ಲ.
* ವಸಡಿನಲ್ಲಿ ರಕ್ತ ಬರುತ್ತಿದ್ದರೆ, ಕಾರಣವಿಲ್ಲದೆ ಮೈಮೇಲೆ ಕಪ್ಪು-ನೀಲಿ ಕಲೆ ಮೂಡಿದರೆ ಸಿಪ್ಪೆ ಕಷಾಯ ಕುಡಿದು ಕಾಯಬೇಡಿ. ಇದು ರಕ್ತದ ಗಂಭೀರ ಕಾಯಿಲೆಯ ಲಕ್ಷಣವೂ ಆಗಿರಬಹುದು. ವೈದ್ಯರನ್ನು ಕಾಣಿ.
* ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ವೈದ್ಯರನ್ನು ಕೇಳದೆ ಯಾವ ಸಪ್ಲಿಮೆಂಟ್ ಕೂಡ ಶುರು ಮಾಡಬೇಡಿ.

ಒಬ್ಬ ರೋಗಿಗೆ ಗುಣವಾಯಿತು ಎಂಬುದು ಹುಡುಕಾಟದ ಆರಂಭವಷ್ಟೇ, ಪುರಾವೆಯಲ್ಲ. ನೊಬೆಲ್ ಪಡೆದವರ ಮಾತನ್ನೂ ವಿಜ್ಞಾನ ಮತ್ತೆ ಪರೀಕ್ಷೆಗೆ ಒಡ್ಡುತ್ತದೆ. ಫಾರ್ವರ್ಡ್‌ನಲ್ಲಿ ದೊಡ್ಡ ಹೆಸರು ಕಂಡಾಗ ಕೇಳಬೇಕಾದ ಪ್ರಶ್ನೆ ಒಂದೇ: ಬೇರೆಯವರು ಪರೀಕ್ಷಿಸಿದಾಗಲೂ ಇದೇ ಫಲ ಬಂತೇ?